೧೭೦೭ಕ್ಕೆ ಹಾಕಿದ ಕತ್ತರಿ

ಮೊನ್ನೆ ಅಟ್ಟದ ಹಳೆಯ ಸಾಮಾನು ಇಳಿಸುವಾಗ ಚಾರ್ಟ್ ಹಾಳೆಯ ಸುರುಳಿಯೊಂದು ಕೈಗೆ ಬಂತು. ಬಿಚ್ಚಿದರೆ ಅರ್ಧವೇ ಇದೆ, ಬಲಬದಿಯದು. ಅಕ್ಷರ ಮಗಳದು. ಸ್ಕೇಲಿಟ್ಟು ಎಳೆದ ಗೆರೆಗಳು ಎದುರು ಮನೆಯ ಮಾಸ್ತರರವು. ಕತ್ತರಿಸಿದ್ದು ಮಾತ್ರ ನಾನು. ಅಂಚು ಎಷ್ಟು ನೀಟಾಗಿದೆಯೆಂದರೆ ನೋಡುತ್ತಲೇ ಮೈಯೆಲ್ಲ ಉರಿಯಿತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವು ಇಂಗ್ಲೆಂಡಿನ ಡಿಡ್ಸ್‌ಬರಿಯಲ್ಲಿದ್ದೆವು. ಗಂಡನಿಗೆ ಆಸ್ಪತ್ರೆಯಲ್ಲಿ ಆರಾರು ತಿಂಗಳ ಕೆಲಸ, ನನಗೆ ದಿನಾ ಹೆದರುವ ಕೆಲಸ. ಮಾಸ್ತರರು ಧಾರವಾಡದಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿ, ಡಾಕ್ಟರ್ ಮಗಳ ಮನೆಗೆ ಬಂದಿದ್ದರು. ನಾವು ತಮಾಷೆಗೆ ಇಸವಿ ತಪ್ಪಾಗಿ ಹೇಳಿದರೂ ಚಹಾದ ಕಪ್ಪು ಕೆಳಗಿಟ್ಟು ತಿದ್ದುತ್ತಿದ್ದರು. ಅವರು ಒಂದೇ ಒಂದು ಇಸವಿ ತಪ್ಪಿದ್ದನ್ನು ನಾನು ಕೇಳಿಲ್ಲ.

ಯಾವುದಾದರೂ ಒಂದು ವರ್ಷದ ಮುಖ್ಯ ವ್ಯಕ್ತಿಗಳು, ಘಟನೆಗಳ ಚಾರ್ಟ್ ಮಾಡಬೇಕೆಂದು ಶಾಲೆಯಲ್ಲಿ ಹೇಳಿದ್ದರು. ಮಗಳು, ಮಾಸ್ತರರು ಸೇರಿ ೧೭೦೭ ಆರಿಸಿಕೊಂಡರು. ಎಡಕ್ಕೆ ಇಂಗ್ಲೆಂಡ್, ಸ್ಕಾಟ್ಲೆಂಡ್ ಒಂದಾದದ್ದು. ಬಲಕ್ಕೆ ಮೊಗಲ್ ಬಾದಶಹನ ಸಾವು, ಅವನ ಸೆರೆಯಲ್ಲಿದ್ದ ಮರಾಠಾ ರಾಜಕುಮಾರನ ಬಿಡುಗಡೆ. ಗೋಡೆಗೆ ಹಾಕಬೇಕಾದರೆ ಬಲಬದಿ ತೆಗೆದು ತಾ, ನಮ್ಮ ಇತಿಹಾಸವಷ್ಟೇ ಸಾಕು ಎಂದು ಟೀಚರ್ ಚೀಟಿ ಅಂಟಿಸಿ ವಾಪಸು ಕಳಿಸಿದರು.

"ನಮ್ಮ ಅಂದ್ರ ಯಾರದು? ಈ ಹುಡುಗಿ ಯಾರಾಕಿ ಹಂಗಾರ?" ಮಾಸ್ತರರು ಕೆಂಡವಾದರು. "ನಾ ಸಾಲಿಗೆ ಬಂದು ಮಾತಾಡ್ತೀನಿ ತಂಗಿ. ನೀ ಬಾಜೂಕ ನಿಂತರ ಸಾಕು."

"ಬೇಡಿ ಮೇಷ್ಟ್ರೇ. ಸುಮ್ಮನೆ ಯಾಕೆ ಅವರ ಕಣ್ಣಿಗೆ ಬೀಳೋದು," ಅಂದೆ.

ಪಕ್ಕದಲ್ಲಿ ನಿಲ್ಲುವುದಷ್ಟೇ ಅವರು ಕೇಳಿದ್ದು. ಅದೂ ಆಗಲಿಲ್ಲ ನನ್ನ ಕೈಲಿ. ಮರುದಿನ ಮಗಳು ಈಜಲು ಹೋಗಿದ್ದಾಗ ಬಲಬದಿ ಕತ್ತರಿಸಿ ಮಂಚದ ಕೆಳಗೆ ತಳ್ಳಿದೆ. ಅವಳು ಬಂದು ಅಳತೊಡಗಿದಾಗ, "ಮೇಷ್ಟ್ರೇ ತೆಗೀರಿ ಅಂದ್ರು," ಎಂದುಬಿಟ್ಟೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು...

ಎಡಬದಿ ಗೋಡೆ ಏರಿತು. ಟೀಚರ್ ಬೆನ್ನು ತಟ್ಟಿದರು, ನಾನು ಹಲ್ಲು ಕಿರಿದು ಥ್ಯಾಂಕ್ಸ್ ಹೇಳಿ ಬಂದೆ. ನೆನೆದರೆ ಈಗಲೂ ಕೆನ್ನೆಗೆ ಬಾರಿಸಿಕೊಳ್ಳಬೇಕು ಅನಿಸುತ್ತದೆ. ಮಾಸ್ತರರು ವೀಸಾ ಮುಗಿದು ಧಾರವಾಡಕ್ಕೆ ಮರಳಿದರು, ಮರುವರ್ಷ ತೀರಿಕೊಂಡರು. ನನ್ನ ಸುಳ್ಳು ಅವರ ಕಿವಿಗೆ ಬಿದ್ದಿರಲಿಲ್ಲ ಎಂದೇ ನಂಬಿಕೊಂಡಿದ್ದೆ.

ನಿನ್ನೆ ಲೀಡ್ಸ್‌ನಲ್ಲಿರುವ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಎಂದಿನಂತೆ ಇಂಗ್ಲಿಷಿನಲ್ಲೇ ಮಾತಾಡಿದಳು. ಅವತ್ತು ಸಂಜೆಯೇ ರಸ್ತೆ ದಾಟಿ ಹೋಗಿ ಅವರನ್ನು ಕೇಳಿದ್ದಳಂತೆ. ಹೌದು, ತಾವೇ ತೆಗೆಸಿದ್ದು, ಬಾದಶಹ ಸತ್ತ ಇಸವಿ ತಮಗೇ ತಪ್ಪಿತ್ತು ಎಂದರಂತೆ ಮಾಸ್ತರರು. ಇಷ್ಟು ವರ್ಷ ಅವಳು ಅದನ್ನೇ ನಂಬಿದ್ದಳು.

ನನ್ನನ್ನು ಬಯ್ಯಬಹುದಿತ್ತಲ್ಲ ಅವರು? ಬಯ್ಯಲಿಲ್ಲ. ಮರುದಿನವೂ ನಮ್ಮ ಮನೆಗೆ ಬಂದರು, ನಾನು ಕೊಟ್ಟ ಚಹಾ ಕುಡಿದು, ಚೆನ್ನಾಗಿದೆ ಎಂದು ಹೇಳಿ ಹೋದರು.