ಹಾಲಿನ ಚೊಂಬಿನಷ್ಟು ಶುದ್ಧ

ತೊಂಬತ್ತರ ದಶಕದಲ್ಲಿ ಊರೂರು ತಿರುಗಿ, ಟ್ರಾಕ್ಟರಿನ ಇಂಜೆಕ್ಟರನ್ನು ಜೋಪಾನ ಮಾಡುವುದು ಹೇಗೆಂದು ರೈತರಿಗೆ ಹೇಳಿಕೊಡುವುದು ನನ್ನ ಕೆಲಸವಾಗಿತ್ತು. ಡೀಸೆಲ್ ಚಿಮ್ಮುವ ಅದರ ತೂತುಗಳು ಕೂದಲೆಳೆಯಷ್ಟು ಸಣ್ಣ. ಒಂದಿಷ್ಟು ಧೂಳು ಹೊಕ್ಕರೂ ಕೆಟ್ಟಿತು. "ಮನೆಯಲ್ಲೊಂದು ಸ್ಪೇರ್ ಇಟ್ಟುಕೊಳ್ಳಿ, ಅದನ್ನು ಹಾಲಿನ ಚೊಂಬಿನಷ್ಟು ಶುದ್ಧವಾಗಿಡಿ" ಎಂದು ಕ್ಯಾತನಹಳ್ಳಿಯಲ್ಲಿ ಹೇಳಿಬಂದಿದ್ದೆ. ಆ ಹೋಲಿಕೆ ನನಗೇ ಬಹಳ ಹಿಡಿಸಿತ್ತು.

ಮುಂದಿನ ಸಲ ಹೋದಾಗ ಗೌಡರೊಬ್ಬರ ಟ್ರಾಕ್ಟರು ಕಬ್ಬು ಹೇರಿಕೊಂಡು ಮನೆ ಮುಂದೆ ಕೆಟ್ಟು ನಿಂತಿತ್ತು. ಸಂಜೆಯೊಳಗೆ ಕಾರ್ಖಾನೆ ಮುಟ್ಟದಿದ್ದರೆ ಅವರ ಸರದಿ ತಪ್ಪುತ್ತಿತ್ತು. ನೋಡಿದರೆ ಇಂಜೆಕ್ಟರೇ ಕೈಕೊಟ್ಟಿತ್ತು.

"ಸ್ಪೇರ್ ಇದೆಯಲ್ಲ, ತನ್ನಿ" ಎಂದೆ.

ಗೌಡರ ತಾಯಿ ಒಳಗಿಂದ ತಂದುಕೊಟ್ಟರು. ಅದು ಬೆಳ್ಳಿಯಂತೆ ಹೊಳೆಯುತ್ತಿತ್ತು.

"ನೀನ್ ಏಳ್ದಂಗೇ ಮಡಗಿವ್ನಿ ಕಣಪ್ಪ. ದಿನಾ ಚೊಂಬಿನ್ ಜೊತೇಲೇ ಬೂದೀಲಿ ತಿಕ್ಕಿ, ಬಿಸ್ಲಲ್ಲಿ ಒಣಗಾಕ್ತೀನಿ."

ತೂತುಗಳಲ್ಲಿ ಬೂದಿ ಗಚ್ಚಿನಂತೆ ಕೂತಿತ್ತು. ಗೌಡರು ನೆಲ ನೋಡಿದರು. ನಾನು ಜನರಿಗೆ ತೋರಿಸಲೆಂದು ಚೀಲದಲ್ಲಿಟ್ಟುಕೊಂಡಿದ್ದ ಹೊಸ ಇಂಜೆಕ್ಟರನ್ನು ಹೊರಗೆ ತೆಗೆದೆ. ತುಕ್ಕು ಹಿಡಿಯದಿರಲೆಂದು ಅದಕ್ಕೆ ಎಣ್ಣೆ ಬಳಿದಿದ್ದೆ.

ಅಜ್ಜಿ ಅದನ್ನು ಬೆರಳಲ್ಲಿ ಮುಟ್ಟಿ ನೋಡಿ ಮುಖ ಸಿಂಡರಿಸಿದರು.

"ಊರಿಗೆಲ್ಲಾ ಏಳ್ಕೊಡೋನು, ನೀನೇ ಇಂಗೆ ಜಿಡ್ಡು ಮಾಡಿ ಮಡೀಕಂಡಿದ್ದೀಯಲ್ಲಪ್ಪ! ಕೊಡು ಇತ್ಲಾಗೆ, ತಿಕ್ಕೊಡ್ತೀನಿ."