ಮೈಲುತುತ್ತದ ನೀರು

ಬಿತ್ತನೆಯ ಜೋಳಕ್ಕೆ ಕಾಡಿಗೆ ರೋಗ ತಗಲದಿರಲೆಂದು ದೇಶನೂರಿನ ನಮ್ಮ ಮನೆಯಲ್ಲಿ ಮೈಲುತುತ್ತದ ಪೊಟ್ಟಣವೊಂದು ಸದಾ ಇರುತ್ತಿತ್ತು. ನವಿಲಿನ ಕೊರಳ ಬಣ್ಣದ ಆ ಹರಳುಗಳನ್ನು ಮುಟ್ಟಿದರೆ ಅವ್ವ ಬೈದು ಕೈ ತೊಳೆಸುತ್ತಿದ್ದಳು. ಕಲ್ಲಿನಂತೆ ಒಣಗಿದ ಆ ವಸ್ತುವಿನ ಹೊಟ್ಟೆಯಲ್ಲಿ ನೂರಕ್ಕೆ ಮೂವತ್ತಾರು ಪಾಲು ನೀರೇ ಇದೆಯೆಂದು ಯಾರಾದರೂ ಹೇಳಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಇಂಟರ್‌ಮೀಡಿಯೆಟ್ ಓದಲು ಬಳ್ಳಾರಿಗೆ ಬಂದು ಕಣ್ಣಾರೆ ಕಾಣುವವರೆಗೆ ನಾನೂ ನಂಬುತ್ತಿರಲಿಲ್ಲ.

ಕೆಲಸವೇನೋ ಸರಳ, ಮಿತ್ರರೇ. ಹರಳನ್ನು ಪುಡಿಮಾಡಿ ಪಿಂಗಾಣಿಯ ಮೂಸೆಯಲ್ಲಿಟ್ಟು ತೂಗಬೇಕು, ನೀಲಿಯೆಲ್ಲ ಹೋಗಿ ಪುಡಿ ಬಿಳಿಚಿಕೊಳ್ಳುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಬೇಕು, ತೇವ ತಗಲದಂತೆ ಆರಿಸಿ ಮತ್ತೆ ತೂಗಬೇಕು. ಕಡಿಮೆಯಾದ ತೂಕವೆಲ್ಲ ಹಾರಿಹೋದ ನೀರಿನದು. ತೂಕದ ಮನುಷ್ಯರೆಂದು ನಾವು ಗೌರವಿಸುವವರನ್ನೂ ಹೀಗೆ ಕಾಯಿಸಿ ನೋಡಿದರೆ ಎಷ್ಟು ಉಳಿದೀತೆಂದು ನಾನು ಆಗಾಗ ಯೋಚಿಸುತ್ತೇನೆ. ನ್ಯಾಯವಾಗಿ ಮೊದಲು ನನ್ನನ್ನೇ ಮೂಸೆಯಲ್ಲಿಡಬೇಕು.

ಕಾಲೇಜಿನ ಪ್ರಯೋಗಶಾಲೆಯಲ್ಲಿ ನನ್ನ ಪಕ್ಕದ ಮೇಜಿನವನು ಸಿರುಗುಪ್ಪದ ಈರಣ್ಣ. ಅವನ ತಾಯಿ ಮಂಡಕ್ಕಿ ಭಟ್ಟಿ ನಡೆಸಿ ಅವನನ್ನು ಓದಿಸುತ್ತಿದ್ದಳು, ಹೊಗೆಗೆ ಅವಳ ಕಣ್ಣು ಆಗಲೇ ಮಂಜಾಗಿತ್ತು. ಪಾಸಾಗಿ ನೌಕರಿ ಹಿಡಿದು ಅವ್ವನನ್ನು ಆ ಭಟ್ಟಿಯ ಮುಂದಿನಿಂದ ಎಬ್ಬಿಸಬೇಕೆಂಬುದೊಂದೇ ಅವನ ಹಂಬಲ. ಉರಿಯ ಮುಂದೆ ಬೆಳೆದವನಿಗೆ ಒಲೆಯ ಮೇಲಿನದನ್ನು ಕೈಯಾಡಿಸದೆ ಸುಮ್ಮನೆ ನೋಡುತ್ತ ಕೂರುವುದು ಆಗದ ಮಾತು. ಪ್ರಯೋಗ ಪರೀಕ್ಷೆಯ ದಿನ ಅವನು ಗಾಜಿನ ಕಡ್ಡಿ ಹಿಡಿದು, ಮಂಡಕ್ಕಿ ಹುರಿಯುವ ರೀತಿಯಲ್ಲೇ, ಮೂಸೆಯೊಳಗಿನ ಪುಡಿಯನ್ನು ಗರಗರ ಆಡಿಸಿದ. ಪುಡಿ ಕಡ್ಡಿಗೆ ಮೆತ್ತಿಕೊಂಡಿತು. ಅವನು ಕಡ್ಡಿಯನ್ನು ಹಾಗೆಯೇ ಪಕ್ಕಕ್ಕಿಟ್ಟ.

ನಾನು ನೋಡಿದೆ. ಕಡ್ಡಿಗೆ ಅಂಟಿದ್ದೂ ನೀರಿನ ಲೆಕ್ಕಕ್ಕೆ ಸೇರಿಬಿಡುತ್ತದೆಂದು ನನಗೆ ಹೊಳೆಯಿತು. ಒಮ್ಮೆ ಕೆಮ್ಮಿದ್ದರೂ ಅವನು ತಿರುಗಿ ನೋಡುತ್ತಿದ್ದ. ಆದರೆ ನನ್ನ ಮೂಸೆ ಕೈಜಾರಿ ಅರ್ಧ ಪುಡಿ ನೆಲದ ಪಾಲಾಗಿತ್ತು, ಮದರಾಸಿನಿಂದ ಬಂದ ಪರೀಕ್ಷಕರ ಕಣ್ಣು ನನ್ನ ಮೇಜಿನತ್ತ ಬೀಳದಿದ್ದರೆ ಸಾಕೆಂದು ಜೀವ ಹಿಡಿದುಕೊಂಡು ನಿಂತಿದ್ದೆ. ಪುಸ್ತಕದ ಮೂವತ್ತಾರನ್ನು ಮೊದಲು ಬರೆದು, ಅದಕ್ಕೆ ಹೊಂದುವ ತೂಕಗಳನ್ನು ಹಿಂದಿನಿಂದ ಮುಂದಕ್ಕೆ ಹುಟ್ಟಿಸಿದೆ. ಈರಣ್ಣ ಬಂದದ್ದನ್ನು ಬಂದಂತೆ ಬರೆದ.

ಹೊರಗೆ ಬಂದೊಡನೆ ಕೇಳಿದ, "ನಿಂದೆಷ್ಟು ಬಂತಲೇ?"

"ಮೂವತ್ತಾರು."

"ನಂದು ನಲವತ್ತೊಂದು ಆಗೇತಿ. ಹೆಚ್ಚಿಂದು ಐದು ಪಾಲು ನೀರು ಎಲ್ಲಿಂದ ಬಂತೋ ಏನೋ."

ಅವನು ಫೇಲಾದ. ಮತ್ತೊಮ್ಮೆ ಪರೀಕ್ಷೆ ಕಟ್ಟಲು ಅವ್ವನನ್ನು ಇನ್ನೊಂದು ವರ್ಷ ಹೊಗೆಯಲ್ಲಿ ಕೂರಿಸುವ ಮನಸ್ಸಿಲ್ಲದೆ ಊರಿಗೆ ಹೋದ. ನಾನು ಪಾಸಾಗಿ, ಮುಂದೆ ಓದಿ, ಅದೇ ಮೈಲುತುತ್ತವನ್ನು ಕಾಯಿಸಲು ಕಲಿಸುವ ಮೇಷ್ಟ್ರಾದೆ. ಹುಡುಗರ ಲೆಕ್ಕ ತಪ್ಪಿದಾಗ ಕೆಂಪು ಗೆರೆ ಎಳೆಯಲು ನನ್ನ ಕೈ ಇಂದಿಗೂ ಹಿಂಜರಿಯುತ್ತದೆ. ಅದನ್ನು ಅವರು ಕರುಣೆಯೆಂದುಕೊಂಡಿದ್ದಾರೆ.

ಕೆಲವು ವರ್ಷಗಳ ನಂತರ ಸಿರುಗುಪ್ಪಕ್ಕೆ ಹೋದಾಗ ಅವನನ್ನು ಹುಡುಕಿಕೊಂಡು ಹೋದೆ. ಈಗ ಭಟ್ಟಿಯ ಮುಂದೆ ಅವನೇ ಕುಳಿತಿದ್ದ. ಕಣ್ಣು ಪೂರ್ತಿ ಹೋಗಿದ್ದ ತಾಯಿ ಗೋಡೆಗೆ ಒರಗಿದ್ದಳು.

"ಬರ್ರಿ ಮಾಸ್ತರ, ಕುಂದರ್ರಿ," ಎಂದ. ಆ ಬಹುವಚನ ನನ್ನನ್ನು ಇರಿಯಿತು. ಮಂಡಕ್ಕಿ ಆಡಿಸುತ್ತಲೇ ಅವನು ಕೇಳಿದ, "ಆ ಐದು ಪಾಲು ನೀರು ಎಲ್ಲೀದಿತ್ರಿ?"

"ಅದು ನೀರಲ್ಲ, ಈರಣ್ಣ. ಕಡ್ಡಿಗೆ ಪುಡಿ ಅಂಟಿತ್ತು."

ಅವನ ಕೈ ನಿಂತಿತು. "ಅವತ್ತ ನೋಡಿದ್ದೇನ್ಲೇ?"

"ನೋಡಿದ್ದೆ."

ಅವನು ಬಯ್ದಿದ್ದರೆ ನಾನು ಹಗುರಾಗುತ್ತಿದ್ದೆ. ಅವನು ಮತ್ತೆ ಮಂಡಕ್ಕಿ ಆಡಿಸತೊಡಗಿದ. ಅಷ್ಟರಲ್ಲಿ ತಾಯಿ, "ಯಾರಪಾ ಬಂದಾರ?" ಎಂದಳು.

"ನನ್ನ ಜೋಡಿ ಓದಿದವ್ರು, ಯವ್ವಾ. ಇವ್ರಿಗೆ ಸರಿಯಾಗಿ ಮೂವತ್ತಾರ ಬಂದಿತ್ತು."

"ಸರಿಯಾಗಿ ಬಂದಿತ್ತೇನ್ರೀ?" ಎನ್ನುತ್ತ ಮುದುಕಿ ನನ್ನತ್ತ ಕೈಮುಗಿದಳು. ನಾನು ಹೂಂ ಎಂದೆ.