ಹುಲ್ಲಿನ ಔಷಧಿ, ಬೆರಕೆ ಸೊಪ್ಪು, ಒಂದು ಹಲ್ಲಿ

ನೀವು ನಂಬುವುದಿಲ್ಲ, ಬೇಕಾದರೆ ಬೆಟ್ ಕಟ್ಟಿ: ಒಂದೇ ಒಂದು ಹಲ್ಲಿಯನ್ನಿಟ್ಟುಕೊಂಡು ನಾನು ಮೂರು ಜೀವ ಉಳಿಸಿದ್ದೇನೆ. ಆ ಮೂರರಲ್ಲಿ ಒಂದು ಇನ್ನೂ ಹುಟ್ಟಿಯೇ ಇರಲಿಲ್ಲ. ಹಲ್ಲಿಯೂ ಇರಲಿಲ್ಲ, ಅದು ಬೇರೆ ವಿಷಯ. ಆ ಮೂವರನ್ನು ಅಪಾಯಕ್ಕೆ ತಳ್ಳಿದವಳೂ ನಾನೇ ಎಂಬುದನ್ನು ಕಾಲೇಜಿನ ಗೆಳತಿಯರಿಗೆ ಹೇಳುವಾಗ ಕೊನೆಗೆ ಇಟ್ಟುಕೊಳ್ಳುತ್ತೇನೆ. ಅಷ್ಟರಲ್ಲಿ ಅವರ ಬಸ್ಸು ಬಂದಿರುತ್ತದೆ. ನಿಮಗೆ ಹಿಡಿಯಬೇಕಾದ ಬಸ್ಸಿಲ್ಲವಾದ್ದರಿಂದ ಮೊದಲೇ ಒಪ್ಪಿಕೊಂಡಿದ್ದೇನೆ.

ದೊಡ್ಡಬಳ್ಳಾಪುರದಲ್ಲಿ ಸೆಕೆಂಡ್ ಪಿಯು ಓದುತ್ತಿರುವ ನಾನು ನಮ್ಮೂರಿನ ಏಕೈಕ ವಿಜ್ಞಾನಿ. ಅಪ್ಪ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ವಾರಕ್ಕೊಂದು ಶಿಫ್ಟಿನಂತೆ ದುಡಿದು, ಉಳಿದ ಹೊತ್ತಿನಲ್ಲಿ ರಾಗಿ ಬೆಳೆಯುತ್ತಾರೆ. ಹೊಲದ ಬದುವಿನಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಕೀಳಲು ಆಳಿಲ್ಲ, ಅಪ್ಪನಿಗೆ ರಜೆಯಿಲ್ಲ. ಹಾಗಾಗಿ ಒಂದು ದಿನ ಹುಲ್ಲಿನ ಔಷಧಿಯ ಕ್ಯಾನು ಮನೆಗೆ ಬಂತು. ಜ್ವರದ ಮಾತ್ರೆಗೂ ಔಷಧಿ, ಹುಲ್ಲು ಸುಡುವುದಕ್ಕೂ ಔಷಧಿ; ನಮ್ಮೂರಿನ ಕಪಾಟಿನಲ್ಲಿ ಎರಡೂ ನೆಂಟರ ಹಾಗೆ ಅಕ್ಕಪಕ್ಕ ಕೂರುತ್ತವೆ.

"ಭಾನ್ವಾರ ನಾನೇ ಹೊಡಿತೀನಿ. ಅಲ್ಲೀಗಂಟ ಇದನ್ನ ಮುಟ್ಟಿದ್ರೆ ಕೈ ಮುರಿತೀನಿ ನೋಡು" ಎಂದರು ಅಪ್ಪ.

ಹೀಗೆ ಹೇಳಿದ ಮೇಲೆ ಮುಟ್ಟದೆ ಇರುವುದು ಹೇಗೆ? ಗುರುವಾರ ಸಂಜೆ ಅಪ್ಪನ ಮಳೆಕೋಟು, ಬೈಕಿನ ಹೆಲ್ಮೆಟ್ಟು, ಅಮ್ಮನ ಪಾತ್ರೆ ತೊಳೆಯುವ ಕೈಗವಸು ಎಲ್ಲ ಏರಿಸಿ, ಬೆನ್ನಿಗೆ ಸ್ಪ್ರೇಯರ್ ಹೊತ್ತು, ಬೇಲಿಯ ಕಲ್ಲಿಗೆ ಫೋನ್ ಒರಗಿಸಿದೆ. ಚಂದ್ರನ ಮೇಲೆ ಇಳಿದ ಮೊದಲ ಕನ್ನಡತಿ ಎಂದು ರೀಲ್ಸಿಗೆ ಹೆಸರು. ಗಗನಯಾತ್ರಿಯ ಹಾಗೆ ನಿಧಾನವಾಗಿ ಕಾಲೆತ್ತಿಡುತ್ತಾ ಬದುವಿನ ಉದ್ದಕ್ಕೂ ಹೊಡೆದೆ. ನಿಧಾನಕ್ಕೆ ನಟನೆ ಅರ್ಧ ಕಾರಣ. ಇನ್ನರ್ಧ, ಬೆನ್ನ ಮೇಲಿನ ನೀರು ನನಗಿಂತ ಭಾರವಿತ್ತು. ಮನೆಗೆ ಬರುವಷ್ಟರಲ್ಲಿ ನಲವತ್ತು ಲೈಕು.

ಕ್ಯಾನಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ಅದನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ, ನಾವು ಪ್ರಶ್ನೆಪತ್ರಿಕೆಯ ಸೂಚನೆಗಳನ್ನು ಓದುವ ಹಾಗೆ. ಬಿಡಿಸಿದರೆ ಸೀರೆಯ ಸೆರಗಿನಷ್ಟು ಉದ್ದ. ಅಕ್ಷರಗಳು ಇರುವೆ ಮೊಟ್ಟೆಯ ಗಾತ್ರ. ಕನ್ನಡವನ್ನು ಹುಡುಕಲು ನಾಲ್ಕು ರಾಜ್ಯ ದಾಟಬೇಕು. ದಾಟಿದರೆ, ಇದಕ್ಕೆ ಇಂಥದೇ ಎನ್ನುವ ಪ್ರತಿವಿಷ ಇಲ್ಲ ಎಂಬ ಸಾಲು ಸಿಗುತ್ತದೆ. ಆಮೇಲೆ ಫೋನಿನಲ್ಲಿ ಕೆದಕಿದೆ. ಇದರಿಂದ ಕ್ಯಾನ್ಸರ್ ಬರಬಹುದು ಎನ್ನುವ ತಜ್ಞರಿದ್ದಾರೆ. ಸರಿಯಾಗಿ ಬಳಸಿದರೆ ಏನೂ ಆಗದು ಎನ್ನುವ ತಜ್ಞರೂ ಇದ್ದಾರೆ. ನಮ್ಮ ದೇಶದಲ್ಲಿ ಇದನ್ನು ಟೀ ತೋಟಕ್ಕೆ, ಬೆಳೆಯಿಲ್ಲದ ಜಾಗಕ್ಕೆ ಮಾತ್ರ ಹೊಡೆಯಬೇಕಂತೆ. ಅದನ್ನೂ ತರಬೇತಿಯಾದವರೇ ಹೊಡೆಯಬೇಕು ಎಂದು ಸರ್ಕಾರ ಹೇಳಿದೆಯಂತೆ. ಅಪ್ಪನಿಗೆ ಅಂಗಡಿಯವನು ಕೊಟ್ಟ ತರಬೇತಿ ಇಷ್ಟು: "ಮುಚ್ಚಳ ಎಡಕ್ಕೆ ತಿರುಗ್ಸಿ, ಅಣ್ಣ."

ಬೆಳೆಯಿಲ್ಲದ ಜಾಗ ಎಂಬ ಮಾತನ್ನು ಸ್ವಲ್ಪ ಹಿಡಿದುಕೊಳ್ಳಿ. ನನ್ನ ಕಣ್ಣಿಗೂ, ಬಹುಶಃ ಸರ್ಕಾರದ ಕಣ್ಣಿಗೂ ಹೊಲದ ಬದು ಅಂಥ ಜಾಗವೇ. ಪಕ್ಕದ ಮನೆಯ ಮುನಿತಾಯಮ್ಮಜ್ಜಿಯ ಕಣ್ಣಿಗೆ ಅಲ್ಲ. ಮಳೆ ಬಿದ್ದ ಮೇಲೆ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಗಣಿಕೆ ಸೊಪ್ಪು, ನನಗೆ ಹೆಸರೇ ಗೊತ್ತಿಲ್ಲದ ಇನ್ನೂ ಹತ್ತಾರು ಎಲೆಗಳನ್ನು ಅಜ್ಜಿ ಅಲ್ಲಿಂದ ಚಿವುಟಿ ಮಡಿಲು ತುಂಬಿಸಿಕೊಳ್ಳುತ್ತಾರೆ. ಎಲ್ಲ ಸೇರಿದರೆ ಬೆರಕೆ ಸೊಪ್ಪು, ಬೇಳೆ ಹಾಕಿ ಮಸೆದರೆ ಮಸ್ಸೊಪ್ಪು. ಯಾರೂ ಬರೆದಿಡದ ಒಂದು ಕಟ್ಟಳೆಯೂ ಉಂಟು: ಯಾರ ಬದುವಿನ ಸೊಪ್ಪೋ ಅವರ ಮನೆಗೆ ಮೊದಲ ಬಟ್ಟಲು ಸಾರು. ಇದೆಲ್ಲ ನನಗೆ ಚಿಕ್ಕಂದಿನಿಂದ ಗೊತ್ತು. ಚಂದ್ರನ ಮೇಲಿದ್ದಾಗ ನೆನಪಾಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಬಟ್ಟಲು ಬಂತು. ಅಮ್ಮ ಶಾಲೆಯಲ್ಲಿ ಬಿಸಿಯೂಟ ಬಡಿಸಲು ಹೋಗಿದ್ದಳು.

"ತಗಳವ್ವಾ, ನಿಮ್ ಬದಿಂದೇ ಸೊಪ್ಪು" ಎಂದರು ಅಜ್ಜಿ. "ಅಣ್ಣೆ ಸೊಪ್ಪು ಎಂಗ್ ಬಂದೈತೆ ಅಂತೀಯ! ನಮ್ ಶೋಭಂಗೆ ಮೂರ್ ದಿನದಿಂದ ಅದೇ ಬಯ್ಕೆ."

ಶೋಭಕ್ಕ ಅಜ್ಜಿಯ ಸೊಸೆ. ಐದು ತಿಂಗಳ ಬಸುರಿ.

ಹೆಲ್ಮೆಟ್ಟಿನ ಮೇಲೆ ಯಾರೋ ಕೋಲಿನಿಂದ ಬಡಿದಂತಾಯಿತು. ಹೆಲ್ಮೆಟ್ಟು ಹಾಕಿರಲಿಲ್ಲ. "ನೀವೆಲ್ಲ ಉಂಡ್ರಾ, ಅಜ್ಜಿ?"

"ಇನ್ನೆಲ್ಲಿ? ಮುದ್ದೆಗೆ ಎಸ್ರು ಇಟ್ಟು ಬಂದಿವ್ನಿ. ಬದಿನೋರ್ಗೆ ಮೊದ್ಲು, ಆಮೇಲೆ ನಾವು."

'ಔಷಧಿ ಹೊಡೆದಿದ್ದೀನಿ' ಎಂಬ ಎರಡೇ ಮಾತು ಸಾಕಿತ್ತು. ಆದರೆ ಅಪ್ಪನ ಕೈ, ನನ್ನ ಕೈ, ಊರಿನ ಬಾಯಿ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ನನ್ನ ನಾಲಿಗೆ ನಿಜಕ್ಕಿಂತ ಸುಳ್ಳಿನಲ್ಲಿ ಚುರುಕು.

"ಅಜ್ಜೀ, ಹಲ್ಲಿ!"

"ಎಲ್ಲೇ?"

"ನೀವು ಬರ್ತಿದ್ದಾಗ ಬಟ್ಲೊಳಗಿಂದ ಎದ್ದು ಹಾರಿ ಹೋಯ್ತು! ಇಷ್ಟುದ್ದ! ಮನೇಲಿ ಪಾತ್ರೆಗೇ ಬಿದ್ದಿತ್ತು ಅನ್ಸುತ್ತೆ. ಮೈಯೆಲ್ಲ ಬೇಳೆ!"

ಅಜ್ಜಿ ಆ ವಯಸ್ಸಿನಲ್ಲಿ ಓಡಿದ್ದನ್ನು ನಾನು ಅಂದೇ ನೋಡಿದ್ದು. ಪಾತ್ರೆಗೆ ಪಾತ್ರೆಯೇ ತಿಪ್ಪೆಗೆ ಹೋಯಿತು. ಶೋಭಕ್ಕ ಉಪ್ಪಿನಕಾಯಿ ನಂಚಿಕೊಂಡು ಮುದ್ದೆ ಉಂಡಳು. ನಾನು ನನ್ನ ಬುದ್ಧಿಗೆ ನಾನೇ ಶಭಾಷ್ ಎಂದುಕೊಂಡೆ. ತಿಂದಿದ್ದರೆ ಏನಾಗುತ್ತಿತ್ತೋ ನನಗೆ ಇಂದಿಗೂ ಗೊತ್ತಿಲ್ಲ; ಏನೂ ಆಗದೆಯೂ ಇರಬಹುದಿತ್ತು. ಆದರೆ ತಜ್ಞರು ಇನ್ನೂ ಜಗಳವಾಡುತ್ತಿರುವ ಪ್ರಶ್ನೆಗೆ ಬಸುರಿಯ ತಟ್ಟೆಯಲ್ಲಿ ಉತ್ತರ ಹುಡುಕಲು ನಾನ್ಯಾರು?

ಈಗ ಆ ಬದು ಬೀಡಿ ಎಲೆಯ ಬಣ್ಣಕ್ಕೆ ತಿರುಗಿದೆ. ಅಜ್ಜಿ ಅದನ್ನು ಬಿಟ್ಟು ಸುತ್ತಿಕೊಂಡು ದೂರದ ಹೊಲಕ್ಕೆ ಹೋಗುತ್ತಾರೆ. ನಮ್ಮ ಮನೆಗೆ ಬಟ್ಟಲು ಬಂದಿಲ್ಲ. ಹುಲ್ಲು ಮತ್ತೆ ಬರುತ್ತದೆ, ಅದಕ್ಕೆ ನಾಚಿಕೆಯಿಲ್ಲ. ಬಟ್ಟಲು ಮತ್ತೆ ಬರುತ್ತದೆ ಎನ್ನುವ ಧೈರ್ಯ ನನಗಿಲ್ಲ.

ಆ ಶುಕ್ರವಾರದ ಹಲ್ಲಿಗೇ ಎಲ್ಲ ನಿಂತಿದ್ದರೂ ಚೆನ್ನಾಗಿತ್ತು. ನನ್ನ ಸುಳ್ಳಿನಲ್ಲೊಂದು ತೂತಿತ್ತು: ಹಲ್ಲಿ ಬಿದ್ದದ್ದು ಸಾರಿಗೆ, ಸೊಪ್ಪಿಗೆ ಅಲ್ಲವಲ್ಲ. ಬಸುರಿಯ ಬಯಕೆಯೂ ತೀರಿರಲಿಲ್ಲ. ಶನಿವಾರ ನಾನು ಅಂಗಳಕ್ಕೆ ಬರುವಷ್ಟರಲ್ಲಿ ಅಜ್ಜಿ ಬದುವಿನ ಕಡೆಯಿಂದ ಮತ್ತೆ ಮಡಿಲು ತುಂಬಿಸಿಕೊಂಡು ಬರುತ್ತಿದ್ದರು. ಔಷಧಿ ಬಿದ್ದ ಗಿಡಕ್ಕೆ ತಾನು ಸತ್ತದ್ದು ತಿಳಿಯಲು ವಾರವೇ ಬೇಕು. ಎಲೆಗಳು ಇನ್ನೂ ನಗುನಗುತ್ತಾ ಹಸಿರಾಗಿದ್ದವು.

"ಅಜ್ಜಿ, ಆ ಸೊಪ್ಪು ಬೇಡ! ಬದದಲ್ಲಿ ಹಾವೈತೆ!"

"ಇರ್ಲಿ ಬಿಡೇ. ನನಗಿಂತ ಮುಂಚಿಂದ ಐತೆ ಅದು."

"ಇದು ಬೇರೆ ಹಾವು ಅಜ್ಜಿ! ಎರಡು ಹೆಡೆ! ಸೊಪ್ಪಿನ ಮೇಲೆಲ್ಲ ವಿಷ ಕಕ್ಕೈತೆ, ನಾನೇ ನೋಡ್ದೆ…"

ಮೂರನೆಯ ಹೆಡೆ ಬಿಚ್ಚಿಕೊಳ್ಳುತ್ತಿತ್ತು. ಅಷ್ಟರಲ್ಲಿ ಅಮ್ಮ ಗೇಟು ತಳ್ಳಿಕೊಂಡು ಒಳಗೆ ಬಂದಳು. ಶಾಲೆಯಲ್ಲಿ ಯಾರೋ ತೋರಿಸಿದ್ದರು. ಅವಳ ಕೈಯಲ್ಲಿದ್ದ ಫೋನಿನಲ್ಲಿ ಚಂದ್ರನ ಮೇಲಿನ ಮೊದಲ ಕನ್ನಡತಿ ನಿಧಾನವಾಗಿ ಕಾಲೆತ್ತಿಡುತ್ತಿದ್ದಳು.

ಅಮ್ಮ ನನ್ನ ಕಡೆ ನೋಡಲೇ ಇಲ್ಲ. "ಅಜ್ಜಿ, ಸುರಿದ್ಬಿಡಿ ಅದನ್ನ. ಮೊನ್ನೆ ಬದಕ್ಕೆ ಹುಲ್ಲಿನ ಔಷ್ದಿ ಹೊಡ್ದವ್ಳೆ ಇವ್ಳು."

ಅಜ್ಜಿ ಒಂದು ಎಲೆಯನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಮಡಿಲನ್ನು ಮೆಲ್ಲಗೆ ಬಿಟ್ಟರು. ಸೊಪ್ಪೆಲ್ಲ ಕಾಲ ಬುಡದಲ್ಲಿ ಬಿತ್ತು.

"ಹಂಗಾರೆ ನೆನ್ನೆ ಹಲ್ಲಿ?" ಎಂದು ಕೇಳಿದರು, ನನ್ನನ್ನೇ ನೋಡುತ್ತಾ.

ಆ ಪ್ರಶ್ನೆಗೆ ಮಾತ್ರ ಯಾವ ಪ್ರಾಣಿಯನ್ನೂ ಕರೆಯದೆ, ನಾನು ಬಗ್ಗಿ ಅಜ್ಜಿಯ ಕಾಲ ಬುಡದ ಸೊಪ್ಪನ್ನು ಬಾಚಿಕೊಂಡೆ.